ಸೊಳ್ಳೆಯ ಪಾಠ: ರಿಚರ್ಡ್ ಬೊಲೆಸ್ಲಾವ್‌ಸ್ಕಿ ಎಂಬ ಮರೆತುಹೋದ ಮೇಷ್ಟ್ರು

ಕೆಲವು ವರ್ಷಗಳ ಹಿಂದೆ ನಾನೊಂದು ಕಾಲೇಜು ನಾಟಕ ಮಾಡಿಸುತ್ತಿದ್ದೆ. ಅದರಲ್ಲಿ ತಾಯಿಯನ್ನು ಕಳೆದುಕೊಂಡ ಮಗಳ ಪಾತ್ರವೊಂದಿತ್ತು. ಆ ಪಾತ್ರ ಮಾಡುತ್ತಿದ್ದ ಹುಡುಗಿ ಮಾತುಗಳನ್ನೆಲ್ಲ ಸೊಗಸಾಗಿ ಹೇಳುತ್ತಿದ್ದಳು, ಅಳು ಮಾತ್ರ ಬರುತ್ತಿರಲಿಲ್ಲ. ಆಗಷ್ಟೇ ನಾನು ‘ಮೆಥಡ್’ ಅಭಿನಯದ ಬಗ್ಗೆ ಅಲ್ಲಿ ಇಲ್ಲಿ ಒಂದಿಷ್ಟು ಓದಿಕೊಂಡಿದ್ದೆ. ಅರ್ಧ ಓದಿದವನ ಉತ್ಸಾಹ ಹೇಗಿರುತ್ತದೆಂದು ನಿಮಗೇ ಗೊತ್ತು. “ನಿಮ್ಮ ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ? ಆ ದಿನಾನ ನೆನಪು ಮಾಡ್ಕೊ” ಎಂದೆ. ಅವಳು ನೆನಪು ಮಾಡಿಕೊಂಡಳು. ಅತ್ತಳು. ಅಳು ನಿಲ್ಲಲೇ ಇಲ್ಲ. ಸುತ್ತ ಇದ್ದ ಹುಡುಗರು ಗಾಬರಿಯಾಗಿ ನೀರು ತಂದರು. ಮಾರನೆಯ ದಿನ ಅವಳು ತಾಲೀಮಿಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟು ನಾಟಕ ಮುಗಿಸಿದೆವು. ಚಪ್ಪಾಳೆಯೂ ಬಂತು. ಆದರೆ ನಾನು ಮಾಡಿದ್ದು ಪಾಠವಲ್ಲ, ಒಂದು ಬಗೆಯ ಕಳ್ಳತನ ಎಂಬ ಕಸಿವಿಸಿ ಮಾತ್ರ ಹೋಗಲಿಲ್ಲ.

ಅದಾದ ಎಷ್ಟೋ ದಿನಗಳ ಮೇಲೆ ಗೆಳೆಯರೊಬ್ಬರು ಸಣ್ಣದೊಂದು ಪುಸ್ತಕದ ಜೆರಾಕ್ಸ್ ಪ್ರತಿ ಕೊಟ್ಟರು. ‘ಆ್ಯಕ್ಟಿಂಗ್: ದ ಫಸ್ಟ್ ಸಿಕ್ಸ್ ಲೆಸನ್ಸ್’. 1933ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದದ್ದು. ಬರೆದವನು ರಿಚರ್ಡ್ ಬೊಲೆಸ್ಲಾವ್‌ಸ್ಕಿ. ಸ್ತಾನಿಸ್ಲಾವ್‌ಸ್ಕಿಯ ಹೆಸರು ಗೊತ್ತಿತ್ತು, ಸ್ಟ್ರಾಸ್‌ಬರ್ಗ್ ಗೊತ್ತಿತ್ತು, ಬ್ರಾಂಡೊ ಯಾರಿಗೆ ಗೊತ್ತಿಲ್ಲ? ಇವರ ನಡುವೆ ಸೇತುವೆಯಂತೆ ನಿಂತಿದ್ದ ಈ ಮನುಷ್ಯನ ಹೆಸರನ್ನು ಮಾತ್ರ ನಾನು ಕೇಳಿಯೇ ಇರಲಿಲ್ಲ.

ಪುಸ್ತಕ ಇರುವುದು ಸಂಭಾಷಣೆಯ ರೂಪದಲ್ಲಿ. ಒಬ್ಬ ಮೇಷ್ಟ್ರು, ನಟಿಯಾಗಬೇಕೆಂದು ಬಂದ ಒಬ್ಬಳು ಹುಡುಗಿ. ಅವಳಿಗೆ ಹೆಸರಿಲ್ಲ, ‘ಜೀವಿ’ ಎಂದಷ್ಟೇ ಕರೆಯುತ್ತಾನೆ. ಏಕಾಗ್ರತೆ, ಭಾವಸ್ಮೃತಿ, ನಾಟಕೀಯ ಕ್ರಿಯೆ, ಪಾತ್ರಚಿತ್ರಣ, ಅವಲೋಕನ, ಲಯ – ಹೀಗೆ ಆರು ಪಾಠ. ಎರಡನೆಯ ಪಾಠದಲ್ಲಿ ಕೊಲೆಗಾರನ ಪಾತ್ರದ ಮಾತು ಬರುತ್ತದೆ. ಕೊಲೆಯನ್ನೇ ಮಾಡದವರು ಕೊಲೆಗಾರನ ಭಾವವನ್ನು ಎಲ್ಲಿಂದ ತರಬೇಕು? ಮೇಷ್ಟ್ರು ಕೇಳುತ್ತಾನೆ: ಸೊಳ್ಳೆ ಯಾವತ್ತಾದರೂ ಕಾಡಿದೆಯೇ? ಒಂದೇ ಒಂದು ಸೊಳ್ಳೆಯನ್ನು ಕಣ್ಣು ಕಿವಿ ಎರಡರಲ್ಲೂ ಹಿಂಬಾಲಿಸಿ, ಅದು ತೋಳಿನ ಮೇಲೆ ಕೂತ ಕ್ಷಣ ನಿಮಗೇ ನೋವಾಗುತ್ತದೆಂಬುದನ್ನೂ ಮರೆತು ಬಾರಿಸಿದ್ದೀರಲ್ಲವೇ? ಅಷ್ಟು ಸಾಕು, ಕೊಲೆಗೆ ಬೇಕಾದ ಬೀಜ ಅಲ್ಲಿದೆ.

ಓದಿ ಪುಸ್ತಕ ಮಡಚಿಟ್ಟೆ. ನಾನು ಹುಡುಗಿಯ ಮನೆಯ ಸಾವನ್ನು ಕೇಳಿದ್ದೆ. ಈತ ಸೊಳ್ಳೆಯನ್ನು ಕೇಳುತ್ತಿದ್ದಾನೆ. ಈ ಮೇಷ್ಟ್ರು ಯಾರು ಎಂದು ಹುಡುಕಲು ಶುರುಮಾಡಿದ್ದು ಆ ದಿನದಿಂದ.

ಹುಟ್ಟಿದ್ದು 1889ರ ಫೆಬ್ರವರಿಯಲ್ಲಿ, ಬೊಲೆಸ್ವಾಫ್ ರಿಷಾರ್ಡ್ ಸ್ರೆದ್ನಿತ್ಸ್ಕಿ ಎಂಬ ಹೆಸರಿನಲ್ಲಿ, ಪೋಲಿಷ್ ಕುಟುಂಬದಲ್ಲಿ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು 1772, 1793 ಮತ್ತು 1795ರಲ್ಲಿ ಮೂರು ಸಲ ಅದನ್ನು ಕೊಯ್ದು ಹಂಚಿಕೊಂಡಿದ್ದವು. ಹೀಗಾಗಿ ಇವನು ಪೋಲಿಷ್ ಮಾತಿನ, ರಷ್ಯದ ಝಾರ್ ದೊರೆಯ ಪ್ರಜೆ. ಹರೆಯದ ದಿನಗಳು ಒಡೆಸ್ಸಾದಲ್ಲಿ ಕಳೆದವು. ಅಲ್ಲಿಂದ ಮಾಸ್ಕೋ ಆರ್ಟ್ ಥಿಯೇಟರ್ ಸೇರಿ ಸ್ತಾನಿಸ್ಲಾವ್‌ಸ್ಕಿಯ ಕೈಕೆಳಗೆ ಬೆಳೆದ. 1909ರಲ್ಲಿ ತುರ್ಗೆನೆವ್‌ನ ‘ಎ ಮಂತ್ ಇನ್ ದ ಕಂಟ್ರಿ’ ನಾಟಕದಲ್ಲಿ ಬೆಲ್ಯಾಯೆವ್ ಎಂಬ ತರುಣ ಮೇಷ್ಟ್ರ ಪಾತ್ರ ಸಿಕ್ಕಿತು. ಗಾರ್ಡನ್ ಕ್ರೇಗ್ ಮತ್ತು ಸ್ತಾನಿಸ್ಲಾವ್‌ಸ್ಕಿ ಕೂಡಿ ಮಾಡಿಸಿದ ಪ್ರಸಿದ್ಧ ‘ಹ್ಯಾಮ್ಲೆಟ್’ನಲ್ಲಿ ಲೇರ್ಟಿಸ್ ಇವನೇ.

1912ರಲ್ಲಿ ಸ್ತಾನಿಸ್ಲಾವ್‌ಸ್ಕಿ ತನ್ನ ಹೊಸ ಅಭಿನಯ ಪದ್ಧತಿಯನ್ನು ಒರೆಗೆ ಹಚ್ಚಿ ನೋಡಲು ‘ಫಸ್ಟ್ ಸ್ಟುಡಿಯೋ’ ಕಟ್ಟಿದ. ಹಳೆಯ ನಟರಿಗೆ ಈ ಪ್ರಯೋಗಗಳಲ್ಲಿ ಅಷ್ಟು ನಂಬಿಕೆಯಿರಲಿಲ್ಲ, ಹಾಗಾಗಿ ಬಂದವರೆಲ್ಲ ಎಳೆಯರು. ವಖ್ತಾಂಗೋವ್, ಮೈಕೆಲ್ ಚೆಕಾಫ್ ಅಲ್ಲಿದ್ದರು. ಅವರನ್ನು ನಡೆಸುತ್ತಿದ್ದವನು ಸುಲೆರ್‌ಝಿತ್ಸ್ಕಿ. ಸ್ಟುಡಿಯೋದ ಮೊದಲ ಪ್ರಯೋಗ 1913ರ ‘ದ ರೆಕ್ ಆಫ್ ದ ಗುಡ್ ಹೋಪ್’. ಡಚ್ ಬೆಸ್ತರ ಬದುಕಿನ ಮೇಲೆ ಹೆಯರ್‌ಮನ್ಸ್ ಬರೆದ ನಾಟಕ ಅದು. ಒಡೆಯನಿಗೆ ಹಡಗು ಮುರುಕಲು ಎಂದು ಗೊತ್ತು, ಆದರೂ ಬೆಸ್ತರನ್ನು ಅದರಲ್ಲಿ ಸಮುದ್ರಕ್ಕೆ ಕಳಿಸುತ್ತಾರೆ. ನಿರ್ದೇಶಿಸಿದವನು ಇಪ್ಪತ್ನಾಲ್ಕರ ಬೊಲೆಸ್ಲಾವ್‌ಸ್ಕಿ. ಭಾವಸ್ಮೃತಿ ಎಂಬ ಮಾತು ಮಂತ್ರದಂತೆ ಓಡಾಡುತ್ತಿದ್ದ ಕಾಲ ಅದು. ಅವನು ಮುಂದೆ ಅಮೆರಿಕಕ್ಕೆ ಹೊತ್ತೊಯ್ದದ್ದು ಈ ಕಾಲದ ಸ್ತಾನಿಸ್ಲಾವ್‌ಸ್ಕಿಯನ್ನು. ಮುಂದೆ ನಡೆದ ಜಗಳಗಳಿಗೆಲ್ಲ ಕಾರಣ ಇದರಲ್ಲೇ ಇದೆ, ನೆನಪಿರಲಿ.

ಆಮೇಲೆ ಯುದ್ಧ ಬಂತು. ಝಾರ್ ಸೈನ್ಯದ ಕಡೆಯ ಪೋಲಿಷ್ ಕುದುರೆ ಪಡೆಯಲ್ಲಿ ಅವನು ಈಟಿ ಹಿಡಿದ. 1917ರಲ್ಲಿ ಝಾರ್ ಸಿಂಹಾಸನ ಉರುಳಿದಾಗ ಆ ಪಡೆ ಯಾರ ಪರವಾಗಿ ಹೋರಾಡಬೇಕೆಂದು ತಿಳಿಯದೆ ನಡುದಾರಿಯಲ್ಲಿ ನಿಂತಿತು. ಈ ಅನುಭವಗಳನ್ನು ಅವನು ಹೆಲೆನ್ ವುಡ್‌ವರ್ಡ್ ಜೊತೆ ಸೇರಿ ‘ವೇ ಆಫ್ ದ ಲಾನ್ಸರ್’ ಮತ್ತು ‘ಲಾನ್ಸಸ್ ಡೌನ್’ ಎಂಬ ಎರಡು ಪುಸ್ತಕಗಳಾಗಿ 1932ರಲ್ಲಿ ಪ್ರಕಟಿಸಿದ.

ಮುಂದಿನ ಮೂರು ವರ್ಷಗಳು ಇನ್ನೂ ವಿಚಿತ್ರ. 1918ರಲ್ಲಿ ಮಾಸ್ಕೋದಲ್ಲಿ ಸುಶ್ಕೇವಿಚ್ ಜೊತೆಗೂಡಿ ‘ಖ್ಲೆಬ್’, ಅಂದರೆ ‘ರೊಟ್ಟಿ’ ಎಂಬ ಚಿತ್ರ ಮಾಡಿದ. ಹೊಸ ಬೋಲ್ಷೆವಿಕ್ ಸರ್ಕಾರದ ಪರವಾಗಿ ಬಂದ ಮೊದಮೊದಲ ಪ್ರಚಾರ ಚಿತ್ರಗಳಲ್ಲಿ ಅದೂ ಒಂದು. 1920ರಲ್ಲಿ ರಷ್ಯ ಬಿಟ್ಟು, ಆಗಷ್ಟೇ ಮರುಹುಟ್ಟು ಪಡೆದಿದ್ದ ಪೋಲೆಂಡಿಗೆ ಹೋದ. ಆ ವರ್ಷದ ಆಗಸ್ಟಿನಲ್ಲಿ ವಾರ್ಸಾದ ಬಾಗಿಲಿಗೆ ಬಂದಿದ್ದ ಕೆಂಪು ಸೇನೆಯನ್ನು ಪೋಲರು ಹಿಮ್ಮೆಟ್ಟಿಸಿದರು. ಮರುವರ್ಷ ಅದೇ ವಿಜಯವನ್ನು ಕೊಂಡಾಡುವ ‘ತ್ಸುದ್ ನಾದ್ ವಿಸ್ವಾ’, ಅಂದರೆ ‘ವಿಸ್ಟುಲಾ ನದಿಯ ಪವಾಡ’ ಎಂಬ ಚಿತ್ರ ಬಂತು. ನಿರ್ದೇಶಕ ಮತ್ತೆ ಇವನೇ. ಮೂರು ವರ್ಷದ ಅಂತರದಲ್ಲಿ ಒಂದೇ ಕ್ರಾಂತಿಗೆ ಜೈ ಅನ್ನುವ ಒಂದು ಚಿತ್ರ, ಅದು ಸೋತದ್ದಕ್ಕೆ ಹಬ್ಬ ಮಾಡುವ ಇನ್ನೊಂದು ಚಿತ್ರ! ಇದನ್ನು ಅವಕಾಶವಾದ ಎಂದು ಕರೆದು ಮುಗಿಸಿಬಿಡಬಹುದು. ಆದರೆ ಹೊಟ್ಟೆಪಾಡು, ಹುಟ್ಟಿದ ನೆಲ, ಕಸುಬು ಮೂರೂ ಮೂರು ದಿಕ್ಕಿಗೆ ಎಳೆಯುವ ಕಾಲದಲ್ಲಿ ಬದುಕಿದವರ ಬಗ್ಗೆ ಅಷ್ಟು ಸುಲಭವಾಗಿ ತೀರ್ಪು ಕೊಡಲು ನನಗೆ ಧೈರ್ಯ ಸಾಲದು.

ಪೋಲೆಂಡಿನಲ್ಲೂ ಅವನು ನಿಲ್ಲಲಿಲ್ಲ. ಬರ್ಲಿನ್‌ನಲ್ಲಿ ಕಾರ್ಲ್ ಡ್ರೈಯರ್‌ನ ಮೂಕಿ ಚಿತ್ರವೊಂದರಲ್ಲಿ ನಟಿಸಿ, 1922ರಲ್ಲಿ ನ್ಯೂಯಾರ್ಕ್ ಮುಟ್ಟಿದ. ಅದೃಷ್ಟವೆಂದರೆ 1923ರ ಜನವರಿಯಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ತಂಡವೇ ಅಮೆರಿಕ ಪ್ರವಾಸಕ್ಕೆ ಬಂತು. ನ್ಯೂಯಾರ್ಕಿನ ರಂಗಾಸಕ್ತರು ಬೆರಗಾದರು. ಭಾಷೆ ಒಂದಕ್ಷರ ತಿಳಿಯದಿದ್ದರೂ ರಂಗದ ಮೇಲಿದ್ದವರು ನಟರಲ್ಲ, ಜನ ಎಂದು ಅವರಿಗೆ ಅನಿಸಿತು. ಇದನ್ನು ಹೇಗೆ ಮಾಡುತ್ತಾರೆ? ಆ ಪ್ರಶ್ನೆಗೆ ಉತ್ತರ ಹೇಳಲು ಊರಲ್ಲೇ ಒಬ್ಬನಿದ್ದ. ಬೊಲೆಸ್ಲಾವ್‌ಸ್ಕಿ ಪ್ರಿನ್ಸೆಸ್ ಥಿಯೇಟರಿನಲ್ಲಿ ಉಪನ್ಯಾಸಗಳನ್ನು ಕೊಟ್ಟ. ಅದೇ ವರ್ಷ ‘ಅಮೆರಿಕನ್ ಲ್ಯಾಬೊರೇಟರಿ ಥಿಯೇಟರ್’ ಎಂಬ ಶಾಲೆ ಶುರುವಾಯಿತು. ಪ್ರವಾಸದ ತಂಡದ ಜೊತೆ ಬಂದು ಅಮೆರಿಕದಲ್ಲೇ ಉಳಿದ ಮಾರಿಯಾ ಉಸ್ಪೆನ್‌ಸ್ಕಾಯಾ ಅಲ್ಲಿ ಪಾಠ ಹೇಳಲು ಜೊತೆಯಾದಳು.

ಆ ಶಾಲೆಯ ಬೆಂಚಿನಲ್ಲಿ ಕೂತಿದ್ದವರನ್ನು ನೋಡಿ: ಲೀ ಸ್ಟ್ರಾಸ್‌ಬರ್ಗ್, ಸ್ಟೆಲಾ ಆಡ್ಲರ್, ಹೆರಾಲ್ಡ್ ಕ್ಲರ್ಮನ್. ಕ್ಲರ್ಮನ್ ಮತ್ತು ಸ್ಟ್ರಾಸ್‌ಬರ್ಗ್ 1931ರಲ್ಲಿ ಶೆರಿಲ್ ಕ್ರಾಫರ್ಡ್ ಜೊತೆ ‘ಗ್ರೂಪ್ ಥಿಯೇಟರ್’ ಕಟ್ಟಿದರು. ಆಡ್ಲರ್ ಅದರ ಪ್ರಮುಖ ನಟಿ. ಮುಂದೆ ಸ್ಟ್ರಾಸ್‌ಬರ್ಗ್ ಆ್ಯಕ್ಟರ್ಸ್ ಸ್ಟುಡಿಯೋದ ಗುರುವಾದ, ಆಡ್ಲರ್ ಮಾರ್ಲನ್ ಬ್ರಾಂಡೊಗೆ ಪಾಠ ಹೇಳಿದಳು. ಇಪ್ಪತ್ತನೆಯ ಶತಮಾನದ ಅಮೆರಿಕನ್ ಅಭಿನಯ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರ ದೊಡ್ಡ ಪಾಲು ಆ ಬಾಡಿಗೆ ಕೋಣೆಗಳಿಂದ ಹೊರಟದ್ದು.

ಶಿಷ್ಯರ ನಡುವೆ ಬಿರುಕು ಬಿದ್ದದ್ದು ಭಾವಸ್ಮೃತಿಯ ವಿಷಯಕ್ಕೆ. ಸ್ಟ್ರಾಸ್‌ಬರ್ಗ್ ಅದನ್ನೇ ಅಭಿನಯದ ಹೃದಯ ಎಂದ. ನಟ ತನ್ನ ಬಾಳಿನ ಆಳದ ಗಾಯಗಳತ್ತ ಇಳಿಯಬೇಕಾಯಿತು. ಆಡ್ಲರ್‌ಗೆ ಅದು ಹಿಂಸೆ ಅನಿಸಿತು. 1934ರಲ್ಲಿ ಪ್ಯಾರಿಸ್ಸಿಗೆ ಹೋಗಿ ಸಾಕ್ಷಾತ್ ಸ್ತಾನಿಸ್ಲಾವ್‌ಸ್ಕಿಯ ಬಳಿಯೇ ಕೆಲವು ವಾರ ಪಾಠ ಹೇಳಿಸಿಕೊಂಡಳು. ಅಷ್ಟು ಹೊತ್ತಿಗೆ ಮೂಲ ಗುರು ಬಹಳ ಮುಂದೆ ಬಂದಿದ್ದ. ಕ್ರಿಯೆ ಮತ್ತು ಕಲ್ಪನೆಯ ಕಡೆಗೆ ಅವನ ಒಲವು ತಿರುಗಿತ್ತು. ಅವಳು ವಾಪಸು ಬಂದು ಗ್ರೂಪ್ ಥಿಯೇಟರಿಗೆ ಅದನ್ನು ವರದಿ ಮಾಡಿದಾಗ ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಆ ಜಗಳ ಇಬ್ಬರೂ ಬದುಕಿರುವವರೆಗೆ ನಡೆಯಿತು. ನನ್ನ ಆ ತಾಲೀಮಿನ ಕೋಣೆಯವರೆಗೂ ಅದರ ಬಿಸಿ ಬಂದಿತ್ತು ಎನ್ನಬೇಕು. ನಾನು ಅರಿವಿಲ್ಲದೆ ಒಂದು ಪಕ್ಷ ವಹಿಸಿದ್ದೆ. ಮಧ್ಯದಲ್ಲಿದ್ದ ಮೇಷ್ಟ್ರು ಮಾತ್ರ ಗಾಯಕ್ಕೆ ಕೈ ಹಾಕುವ ಮೊದಲು ಸೊಳ್ಳೆಯನ್ನು ಹುಡುಕಿದ್ದ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ.

ಈ ಜಗಳದ ಹೊತ್ತಿಗೆ ಮೇಷ್ಟ್ರು ಹಾಲಿವುಡ್‌ನಲ್ಲಿದ್ದ. ಸಿನಿಮಾಕ್ಕೆ ಮಾತು ಬಂದಾಗ ಸ್ಟುಡಿಯೋಗಳಿಗೆ ನಟರಿಂದ ಮಾತಾಡಿಸಬಲ್ಲ ರಂಗಭೂಮಿಯವರು ಬೇಕಾದರು. ಹೀಗೆ ಹೋದವರಲ್ಲಿ ಇವನೂ ಒಬ್ಬ. 1930ರಲ್ಲಿ ‘ದ ಲಾಸ್ಟ್ ಆಫ್ ದ ಲೋನ್ ವುಲ್ಫ್’ನಂಥ ಸಣ್ಣ ಚಿತ್ರದಿಂದ ಶುರುಮಾಡಿದವನಿಗೆ 1932ರಲ್ಲಿ ಎಂ.ಜಿ.ಎಂ. ಸಂಸ್ಥೆಯ ‘ರಾಸ್ಪುಟಿನ್ ಆ್ಯಂಡ್ ದ ಎಂಪ್ರೆಸ್’ ಕೈಗೆ ಬಂತು. ಮೊದಲ ನಿರ್ದೇಶಕ ಚಾರ್ಲ್ಸ್ ಬ್ರಾಬಿನ್‌ನನ್ನು ಬಿಡಿಸಿ ಇವನನ್ನು ಕೂರಿಸಿದರು. ಜಾನ್, ಎಥೆಲ್, ಲಯೊನೆಲ್ – ಬ್ಯಾರಿಮೋರ್ ಮನೆತನದ ಮೂವರೂ ಅದರಲ್ಲಿದ್ದರು. ಝಾರ್ ಸೇನೆಯಲ್ಲಿ ಈಟಿ ಹಿಡಿದಿದ್ದವನು ಈಗ ಝಾರ್ ಅರಮನೆಯ ಪತನವನ್ನು ಕ್ಯಾಲಿಫೋರ್ನಿಯಾದ ರಟ್ಟಿನ ಗೋಡೆಗಳ ನಡುವೆ ಮತ್ತೆ ಕಟ್ಟಿದ.

ಈ ಚಿತ್ರದ ಫಲವೊಂದನ್ನು ನೀವು ನಾನು ಎಲ್ಲರೂ ನೋಡಿದ್ದೇವೆ. ಚಿತ್ರದಲ್ಲಿ ರಾಸ್ಪುಟಿನ್‌ನನ್ನು ಕೊಲ್ಲುವ ರಾಜಕುಮಾರನಿಗೆ ನತಾಶಾ ಎಂಬ ಪ್ರೇಯಸಿ ಇದ್ದಾಳೆ, ರಾಸ್ಪುಟಿನ್ ಅವಳ ಶೀಲ ಕೆಡಿಸುತ್ತಾನೆ. ನಿಜದಲ್ಲಿ 1916ರ ಡಿಸೆಂಬರಿನಲ್ಲಿ ನಡೆದ ಆ ಕೊಲೆಯಲ್ಲಿ ಕೈಯಾಡಿಸಿದ ರಾಜಕುಮಾರ ಫೆಲಿಕ್ಸ್ ಯುಸುಪೋವ್ ಇನ್ನೂ ಬದುಕಿದ್ದ. ಅವನ ಹೆಂಡತಿ ಇರೀನಾ, “ಜನ ನತಾಶಾ ಎಂದರೆ ನಾನೇ ಎಂದುಕೊಳ್ಳುತ್ತಾರೆ” ಎಂದು ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದಳು. ಚಿತ್ರದ ಆರಂಭದಲ್ಲಿ ಇದರ ಪಾತ್ರಗಳಲ್ಲಿ ಕೆಲವರು ಇನ್ನೂ ಬದುಕಿದ್ದಾರೆಂಬ ಅರ್ಥದ ಬರಹವನ್ನು ಕಂಪನಿಯೇ ಹೆಮ್ಮೆಯಿಂದ ಹಾಕಿಕೊಂಡಿತ್ತು! 1934ರಲ್ಲಿ ಜ್ಯೂರಿ ಅವಳಿಗೆ 25,000 ಪೌಂಡ್ ಪರಿಹಾರ ಕೊಡಿಸಿತು, ಮೇಲ್ಮನವಿಯಲ್ಲೂ ಅದೇ ಗಟ್ಟಿಯಾಯಿತು. ಅಲ್ಲಿಂದಾಚೆಗೆ ಸ್ಟುಡಿಯೋಗಳು ಎಚ್ಚೆತ್ತುಕೊಂಡವು. ‘ಈ ಚಿತ್ರದ ಪಾತ್ರಗಳು ಕಾಲ್ಪನಿಕ, ಯಾರನ್ನಾದರೂ ಹೋಲಿದರೆ ಅದು ಕಾಕತಾಳೀಯ’ ಎನ್ನುವ ಸಾಲು ಚಿತ್ರಗಳಿಗೆ ಅಂಟಿಕೊಂಡದ್ದು ಹೀಗೆ. ನಮ್ಮೂರ ಟಾಕೀಸಿನಲ್ಲಿ ಕನ್ನಡ ಸಿನಿಮಾ ಶುರುವಾಗುವ ಮುನ್ನ ಓಡಿಹೋಗುವ ಆ ಅಕ್ಷರಗಳ ಹಿಂದೆ ಈ ಮನುಷ್ಯ ನಿರ್ದೇಶಿಸಿದ ಚಿತ್ರವಿದೆ. ಕಥೆ ಅವನು ಬರೆದದ್ದಲ್ಲ, ಮೊಕದ್ದಮೆಯೂ ಅವನ ಮೇಲಲ್ಲ. ಅವನ ಹೆಸರಂತೂ ಅಲ್ಲೆಲ್ಲೂ ಇಲ್ಲ.

ಮುಂದಿನ ನಾಲ್ಕು ವರ್ಷ ಅವನು ಎತ್ತಿನಂತೆ ದುಡಿದ. 1934ರ ‘ಮೆನ್ ಇನ್ ವೈಟ್’ನಲ್ಲಿ ಕ್ಲಾರ್ಕ್ ಗೇಬಲ್. ಅದರ ಮೂಲ ನಾಟಕವನ್ನು 1933ರಲ್ಲಿ ರಂಗಕ್ಕೆ ತಂದು ಗೆದ್ದವರು ಗ್ರೂಪ್ ಥಿಯೇಟರಿನವರು, ನಿರ್ದೇಶಕ ಸ್ಟ್ರಾಸ್‌ಬರ್ಗ್. ಶಿಷ್ಯ ರಂಗದ ಮೇಲೆ ಮಾಡಿದ್ದನ್ನು ಗುರು ತೆರೆಗೆ ತಂದ. ಅದೇ ವರ್ಷ ಗ್ರೇಟಾ ಗಾರ್ಬೋ ಜೊತೆ ‘ದ ಪೇಂಟೆಡ್ ವೇಲ್’. 1935ರಲ್ಲಿ ‘ಲೆ ಮಿಸೆರಾಬ್ಲ್’. ಫ್ರೆಡ್ರಿಕ್ ಮಾರ್ಚ್ ಜೀನ್ ವಾಲ್‌ಜೀನ್ ಆಗಿ, ಚಾರ್ಲ್ಸ್ ಲಾಟನ್ ಪೊಲೀಸ್ ಅಧಿಕಾರಿ ಜಾವೇರ್ ಆಗಿ ನಟಿಸಿದ ಈ ಚಿತ್ರ ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಕಾನೂನನ್ನೇ ದೇವರು ಮಾಡಿಕೊಂಡ ಮನುಷ್ಯನ ತುಟಿ ನಡುಗುವುದನ್ನು ಲಾಟನ್‌ನ ಮುಖದಲ್ಲಿ ನೋಡಬೇಕು. ಜಾವೇರ್ ಬರೀ ದುಷ್ಟನಲ್ಲ, ತನ್ನ ಹಿಂದಿನದಕ್ಕೆ ಹೆದರಿದವನು ಎಂಬುದು ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ. ಆರು ಪಾಠಗಳ ಮೇಷ್ಟ್ರನ್ನು ಹಾಲಿವುಡ್‌ನಲ್ಲಿ ಗುರುತು ಹಿಡಿಯಬೇಕೆಂದರೆ ನಾನು ಆ ಮುಖವನ್ನು ತೋರಿಸುತ್ತೇನೆ.

ಆದರೆ ಅದೇ 1935ರಲ್ಲಿ ಇನ್ನೊಂದು ಚಿತ್ರವಿದೆ. ಅದರ ಹೆಸರು ಕಂಡಾಗ ನಾನು ಬೆಚ್ಚಿದೆ: ‘ಕ್ಲೈವ್ ಆಫ್ ಇಂಡಿಯಾ’.

ಹೌದು, ಶಾಲೆಯ ಇತಿಹಾಸ ಪುಸ್ತಕದ ಅದೇ ರಾಬರ್ಟ್ ಕ್ಲೈವ್. ಮದ್ರಾಸಿನಲ್ಲಿ ಕಂಪನಿಯ ಗುಮಾಸ್ತನಾಗಿದ್ದವನು ಆರ್ಕಾಟ್ ಹಿಡಿದು, 1757ರಲ್ಲಿ ಪ್ಲಾಸಿ ಗೆದ್ದು, ಬಂಗಾಳದ ಬೊಕ್ಕಸ ಬಳಿದವನು. ರೊನಾಲ್ಡ್ ಕೋಲ್ಮನ್ ತನ್ನ ಪ್ರಸಿದ್ಧ ಮೀಸೆ ಬೋಳಿಸಿಕೊಂಡು ಆ ಪಾತ್ರ ಮಾಡಿದ. ಮೀರ್ ಜಾಫರ್ ಆಗಿ ಸೀಸರ್ ರೊಮೆರೊ, ಸಿರಾಜ್ ಉದ್ ದೌಲನಾಗಿ ರಷ್ಯದಿಂದ ಬಂದಿದ್ದ ಮಿಶಾ ಔಯರ್. ಕಥೆ ಹೇಳುವುದು ಧೀರನೊಬ್ಬ ಒಂದು ಸಾಮ್ರಾಜ್ಯ ಗೆದ್ದುಕೊಟ್ಟ, ಕೃತಘ್ನ ದೇಶ ಅವನನ್ನು ಕಟಕಟೆಗೆ ಎಳೆಯಿತು ಎಂದು. ಹೆಂಡತಿಯ ವಿರಹಕ್ಕೆ ಅದರಲ್ಲಿ ಧಾರಾಳವಾಗಿ ಜಾಗವಿದೆ. ಗೆದ್ದ ಸೀಮೆಯ ಜನ ಮಾತ್ರ ಮುಂಡಾಸು ಸುತ್ತಿದ ಗುಂಪು. 1765ರಲ್ಲಿ ಕಂಪನಿಗೆ ಬಂಗಾಳದ ಕಂದಾಯ ವಸೂಲಿಯ ಹಕ್ಕು ಸಿಕ್ಕಿದ್ದು, 1770ರ ಭೀಕರ ಬರದಲ್ಲೂ ಆ ವಸೂಲಿ ನಿಲ್ಲದೆ ಹೋದದ್ದು ನಮಗೆ ಗೊತ್ತು. ಚಿತ್ರ ಮಿಡಿಯುವುದು ಆ ಜನರಿಗಾಗಿ ಅಲ್ಲ.

ಇಲ್ಲೊಂದು ತೇದಿ ನನ್ನನ್ನು ಬಿಡದೆ ಕಾಡುತ್ತದೆ. ಕ್ಲೈವ್‌ನ ವ್ಯವಹಾರಗಳ ಬಗ್ಗೆ ಬ್ರಿಟಿಷ್ ಸಂಸತ್ತಿನ ಸಮಿತಿ ವಿಚಾರಣೆ ಶುರುಮಾಡಿದ್ದು 1772ರಲ್ಲಿ. ಪೋಲೆಂಡನ್ನು ಮೂರು ಸಾಮ್ರಾಜ್ಯಗಳು ಮೊದಲ ಸಲ ಕೊಯ್ದುಕೊಂಡದ್ದೂ 1772ರಲ್ಲಿ. ತನ್ನ ದೇಶದ ಹೆಸರನ್ನೇ ಭೂಪಟದಿಂದ ಅಳಿಸಿದ್ದ ಕಾಲದಲ್ಲಿ ಹುಟ್ಟಿ, ಅದು ವಾಪಸು ಬಂದಾಗ ಚಿತ್ರ ಮಾಡಿ ಹಾಡಿಹೊಗಳಿದವನಿಗೆ ಇನ್ನೊಂದು ಸೀಮೆ ನುಂಗಿದವನ ಕಥೆ ಹೇಳುವಾಗ ಏನೂ ನೆನಪಾಗಲಿಲ್ಲವೇ? ಭಾವಸ್ಮೃತಿಯ ಮೇಷ್ಟ್ರಿಗೇ?

ಇದಕ್ಕೆ ಸುಲಭವಾದ ಉತ್ತರವೊಂದಿದೆ. ಆ ಕಾಲದ ಸ್ಟುಡಿಯೋದಲ್ಲಿ ನಿರ್ದೇಶಕ ಸಂಬಳದ ನೌಕರ. ಕಥೆ ಆರಿಸುವವರು ಬೇರೆ, ನಟರನ್ನು ಗೊತ್ತುಮಾಡುವವರು ಬೇರೆ. ಮೇಜಿನ ಮೇಲೆ ಬಂದ ಚಿತ್ರವನ್ನು ಅವನು ಮಾಡಿಕೊಟ್ಟ, ಅಷ್ಟೇ. ಇದು ನಿಜವೇ. ಆದರೂ ನನಗೆ ಪೂರ್ತಿ ಸಮಾಧಾನ ಕೊಡುವುದು ಅವನದೇ ಪುಸ್ತಕ. ಭಾವಸ್ಮೃತಿ ಎರಡನೆಯ ಪಾಠ, ಕೊನೆಯದಲ್ಲ. ನಮ್ಮ ನೆನಪು ನಮ್ಮ ಚರ್ಮದೊಳಗಿನದು. ಸೊಳ್ಳೆ ಕಚ್ಚಿದ ಉರಿ ನಮಗೆ ನೆನಪಿರುತ್ತದೆ, ಸೊಳ್ಳೆಗೆ ಏನಾಯಿತೆಂಬುದು ಅಲ್ಲ. ಆ ನೆನಪನ್ನು ಹಿಡಿದು ಕೊಲೆಗಾರನವರೆಗೆ ಹೋಗಬಹುದು, ಕೊಲೆಯಾದವನವರೆಗೆ ಹೋಗಲಾಗದು. ಅಲ್ಲಿಗೆ ತಲುಪಲು ಬೇಕಾದದ್ದು ಐದನೆಯ ಪಾಠ, ಅವಲೋಕನ. ಹೊರಗಿರುವುದನ್ನು, ನಮ್ಮದಲ್ಲದ್ದನ್ನು, ತಾಳ್ಮೆಯಿಂದ ನೋಡುವುದು. ರಟ್ಟಿನ ಬಂಗಾಳದಲ್ಲಿ ಕ್ಲೈವ್‌ನ ಮಹತ್ವಾಕಾಂಕ್ಷೆಗೆ, ಅವನ ಒಂಟಿತನಕ್ಕೆ ನೆನಪಿನಿಂದ ಜೀವ ತುಂಬಬಹುದಿತ್ತು. ಆದರೆ ಅವಲೋಕಿಸಲು ಒಬ್ಬ ಬಂಗಾಳಿಯೂ ಎದುರಿಗಿರಲಿಲ್ಲ. ಮೇಷ್ಟ್ರು ಆ ಚಿತ್ರದಲ್ಲಿ ತನ್ನ ಐದನೆಯ ಪಾಠಕ್ಕೆ ಗೈರುಹಾಜರಾದ.

ಹಾಗೆ ನೋಡಿದರೆ ನಾನು ಆ ತಾಲೀಮಿನಲ್ಲಿ ಮಾಡಿದ ತಪ್ಪೂ ಅದೇ. ನನಗೆ ಬೇಕಾದದ್ದು ಅಳು. ಎದುರಿಗೆ ನಿಂತಿದ್ದ ಹುಡುಗಿಯ ಮುಖವನ್ನು ನಾನು ನೋಡಿರಲೇ ಇಲ್ಲ. ನೋಡಿದ್ದರೆ ಆ ಪ್ರಶ್ನೆ ಕೇಳುತ್ತಿರಲಿಲ್ಲ.

1936ರಲ್ಲಿ ಅವನ ಕೈಯಲ್ಲಿ ಬಿಡುವಿರಲಿಲ್ಲ. ಮರ್ಲೀನ್ ಡೀಟ್ರಿಚ್ ಮತ್ತು ಚಾರ್ಲ್ಸ್ ಬಾಯೇ ಇದ್ದ ‘ದ ಗಾರ್ಡನ್ ಆಫ್ ಅಲ್ಲಾ’ ಟೆಕ್ನಿಕಲರ್‌ನ ಮೊದಲ ಹೆಜ್ಜೆಗಳಲ್ಲಿ ಒಂದು, ಅದರ ವರ್ಣ ಛಾಯಾಗ್ರಹಣಕ್ಕೆ ವಿಶೇಷ ಆಸ್ಕರ್ ಬಂತು. ‘ಥಿಯೊಡೋರಾ ಗೋಸ್ ವೈಲ್ಡ್’ ಎಂಬ ನಗೆಚಿತ್ರ ಅಲ್ಲಿಯವರೆಗೆ ಗಂಭೀರ ನಟಿಯಾಗಿದ್ದ ಐರೀನ್ ಡನ್‌ಳನ್ನು ಹಾಸ್ಯದ ರಾಣಿ ಮಾಡಿ ಆಸ್ಕರ್ ನಾಮನಿರ್ದೇಶನವನ್ನೂ ತಂದಿತು. ಯುದ್ಧ, ಕ್ರಾಂತಿ, ವಲಸೆ ಎಲ್ಲ ಕಂಡವನು ಇಷ್ಟು ಹಗುರಾಗಿ ನಗಿಸಬಲ್ಲನೇ ಎಂದು ಆಶ್ಚರ್ಯವಾಗುತ್ತದೆ. ಮುಂದಿನದು ಜೋನ್ ಕ್ರಾಫರ್ಡ್ ನಟಿಸಿದ ‘ದ ಲಾಸ್ಟ್ ಆಫ್ ಮಿಸೆಸ್ ಚೇನಿ’. ಅದರ ಚಿತ್ರೀಕರಣ ನಡೆಯುತ್ತಿರುವಾಗಲೇ 1937ರ ಜನವರಿ 17ರಂದು ಬೊಲೆಸ್ಲಾವ್‌ಸ್ಕಿ ತೀರಿಕೊಂಡ. ನಲವತ್ತೆಂಟು ತುಂಬಲು ಮೂರು ವಾರವೂ ಇರಲಿಲ್ಲ. ಉಳಿದ ಕೆಲಸವನ್ನು ಬೇರೆಯವರು ಮುಗಿಸಿದರು. ಸಿನಿಮಾ ನಿಲ್ಲುವುದಿಲ್ಲವಲ್ಲ.

ಹಾಲಿವುಡ್‌ನ ಕಾಲುದಾರಿಯ ಕಲ್ಲುಹಾಸಿನಲ್ಲಿ ಅವನ ಹೆಸರಿನ ನಕ್ಷತ್ರವೊಂದಿದೆ. ಅದನ್ನು ತುಳಿದು ಹೋಗುವವರಿಗೆ ಇವನು ಯಾರೆಂದು ತಿಳಿದಿರುವುದು ಅಪರೂಪ. ಅವನು ಬಿಟ್ಟುಹೋದದ್ದೆಲ್ಲ ಹೀಗೆ ಸಹಿ ಇಲ್ಲದ್ದು. ಬ್ರಾಂಡೊನ ಮೌನದಲ್ಲಿ ಒಂದು ಪಾಲು, ತೆರೆಯ ಮೇಲೆ ಓಡಿಹೋಗುವ ಒಂದು ಸಾಲು, ಸಣ್ಣದೊಂದು ಪುಸ್ತಕ. ಅವನು ತಿದ್ದಿಕೊಳ್ಳಲಾಗದ ಒಂದು ‘ಕ್ಲೈವ್’ ಕೂಡ ಅದೇ ಪಟ್ಟಿಯಲ್ಲಿದೆ. ಗುರುವಿನ ಗೆಲುವಿನಷ್ಟೇ ಅವನ ಸೋಲೂ ಪಾಠವೇ ತಾನೆ.

ಈಗಲೂ ವರ್ಷಕ್ಕೊಂದು ನಾಟಕ ಮಾಡಿಸುತ್ತೇನೆ. ಮೊದಲ ದಿನ ಹುಡುಗರನ್ನು ಸುತ್ತ ಕೂರಿಸಿಕೊಂಡು, “ನಿನ್ನೆ ರಾತ್ರಿ ಯಾರಿಗಾದ್ರೂ ಸೊಳ್ಳೆ ಕಚ್ಚಿತಾ?” ಎಂದು ಕೇಳುತ್ತೇನೆ. ಎಲ್ಲರೂ ನಗುತ್ತಾರೆ, ಎಲ್ಲರೂ ಕೈ ಎತ್ತುತ್ತಾರೆ. ಆಮೇಲೆ ಎರಡನೆಯ ಕೆಲಸ ಹೇಳುತ್ತೇನೆ: ಪಕ್ಕದಲ್ಲಿ ಕೂತವರ ಮುಖವನ್ನು ಐದು ನಿಮಿಷ ಮಾತಿಲ್ಲದೆ ನೋಡಿ. ಅಲ್ಲಿ ನಗು ನಿಲ್ಲುತ್ತದೆ.